ವಿಷಾಹಾರ: ಪರಿಹಾರ ಕೇಳುವುದು ನಮ್ಮ ಹಕ್ಕು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾನು ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇನೆ. ಮಿತವಾಗಿ ತಿನ್ನಬೇಕು, ಮಿತವಾಗಿ ಮಾತನಾಡಬೇಕು ಎಂದು ಮಕ್ಕಳು ಬರೆಯುತ್ತಾರೆ, ನಾನು ಅಂಕ ಕೊಡುತ್ತೇನೆ. ಆದರೆ ಊಟ ಬಲ್ಲವರಿಗೂ ಕೆಲವೊಮ್ಮೆ ರೋಗ ಬರುತ್ತದೆ. ಅದು ಅವರ ತಪ್ಪಿನಿಂದಲ್ಲ, ಅಡುಗೆ ಮಾಡಿ ಮಾರಿದವರ ಅಜಾಗರೂಕತೆಯಿಂದ. ಆಗ ಬಾಯಿ ಮುಚ್ಚಿಕೊಂಡು ಇರುವುದು ಮಾತು ಬಲ್ಲವರ ಲಕ್ಷಣವೇ? ಈ ಪ್ರಶ್ನೆಯನ್ನು ತಮ್ಮ ಮುಂದಿಡುವುದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

2017ರ ಡಿಸೆಂಬರ್‌ನಲ್ಲಿ ನಾವು 41 ಮಕ್ಕಳನ್ನು ಹಂಪಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ನಾಲ್ವರು ಶಿಕ್ಷಕರು ಜೊತೆಗಿದ್ದೆವು. ಹಣದ ಲೆಕ್ಕ ನನ್ನ ಕೈಯಲ್ಲಿತ್ತು. ವಾಪಸ್ ಬರುವಾಗ ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ಮಧ್ಯಾಹ್ನ ಒಂದೂವರೆಗೆ ಊಟವಾಯಿತು. "ಬಿಲ್ಲು ಬೇಡ ಅಂದ್ರೆ ಪ್ಲೇಟಿಗೆ ಹತ್ತು ರೂಪಾಯಿ ಕಡಿಮೆ ಮಾಡ್ತೀನಿ ಸರ್" ಎಂದರು ಮಾಲೀಕರು. ಬಡ ಮಕ್ಕಳ ಪ್ರವಾಸ, 450 ರೂಪಾಯಿ ಉಳಿಯಿತಲ್ಲ ಎಂದು ಸಂತೋಷಪಟ್ಟು ಒಪ್ಪಿಕೊಂಡೆ.

ನಾಲ್ಕು ಗಂಟೆಗೆ ಬಸ್ಸಿನಲ್ಲಿ ಮೊದಲ ಮಗು ವಾಂತಿ ಮಾಡಿತು. ಬಸ್ ಪ್ರಯಾಣದ ವಾಂತಿ ಎಂದುಕೊಂಡೆವು. ಐದೂವರೆಯ ಹೊತ್ತಿಗೆ ಹನ್ನೆರಡು ಮಕ್ಕಳು ಹೊಟ್ಟೆ ಹಿಡಿದುಕೊಂಡಿದ್ದರು. ದಾರಿಯಲ್ಲಿ ಸಿಕ್ಕ ತಾಲ್ಲೂಕು ಆಸ್ಪತ್ರೆಗೆ ಸೇರಿಸಿದೆವು. ಹತ್ತು ಮಕ್ಕಳು ರಾತ್ರಿಗೆ ಚೇತರಿಸಿಕೊಂಡರು. ಇಬ್ಬರಿಗೆ ಬೆಳಗಿನವರೆಗೂ ಗ್ಲೂಕೋಸ್ ಹಾಕಬೇಕಾಯಿತು. ಅವರಲ್ಲಿ ಒಬ್ಬನ ತಂದೆ ಮಾರ್ಕೆಟ್ಟಿನಲ್ಲಿ ಹಮಾಲಿ. ಸಾಲ ಮಾಡಿ ರಾತ್ರಿ ಬಸ್ಸಿಗೆ ಬಂದರು, ಎರಡು ದಿನದ ಕೂಲಿ ಕಳೆದುಕೊಂಡರು.

ಆ ಗಲಾಟೆಯಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮಾತ್ರ ತನ್ನ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಯಾರು ಏನು ತಿಂದರು, ಯಾರಿಗೆ ಯಾವಾಗ ವಾಂತಿಯಾಯಿತು ಎಂಬ ಪಟ್ಟಿ ಅದು. ಫ್ರೈಡ್ ರೈಸ್ ತಿಂದವರು 17 ಜನ, ಅವರಲ್ಲಿ 12 ಮಂದಿಗೆ ಕಾಯಿಲೆ. ಚಪಾತಿ ಊಟ ಮಾಡಿದವರು 28 ಜನ, ಅವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಬಿ.ಎಡ್. ಮಾಡಿದ ನನಗೆ ಹೊಳೆಯದ ಕೆಲಸವನ್ನು ಆ ಮಗು ಮಾಡಿತ್ತು.

ಮರುವಾರ ನಾನು ಹೋಟೆಲಿಗೆ ಹೋಗಿ ಕೇಳಿದೆ. ಮಾಲೀಕರು ಶಾಂತವಾಗಿಯೇ ಹೇಳಿದರು: "ನಮ್ಮಲ್ಲೇ ಊಟ ಮಾಡಿದ್ರಿ ಅನ್ನೋದಕ್ಕೆ ಬಿಲ್ಲು ತೋರಿಸಿ ಸರ್." ನಾನು ತಲೆ ತಗ್ಗಿಸಿ ಬಂದೆ. ಹುಡುಗನ ತಂದೆ "ಮಾಸ್ಟರ್ ಸಾಬ್, ನಮಗೇನಾದ್ರೂ ಕೊಡ್ತಾರಾ?" ಎಂದು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಆ ಮೌನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ನಾನು ಓದಿ ತಿಳಿದುಕೊಂಡದ್ದನ್ನು ಇಂದು ತಮಗೆ ಒಪ್ಪಿಸುತ್ತಿದ್ದೇನೆ.

ಮೊದಲು ಕಾಯಿಲೆಯ ವಿಷಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಳಿಗ್ಗೆ ಮಾಡಿದ ಅನ್ನವನ್ನು ಹಾಗೆಯೇ ಹೊರಗಿಟ್ಟರೆ ಅವು ಬೆಳೆದು ವಿಷವನ್ನು ಉತ್ಪತ್ತಿ ಮಾಡುತ್ತವೆ. ಆಮೇಲೆ ಬಾಣಲೆಯಲ್ಲಿ ಎಷ್ಟು ಹುರಿದರೂ ಆ ವಿಷ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನಮ್ಮ ಮಕ್ಕಳ ವೇಳೆ ಇದಕ್ಕೆ ಹೊಂದುತ್ತಿತ್ತು. ಆದರೆ ಅನ್ನವನ್ನು ಪರೀಕ್ಷೆಗೆ ಕಳುಹಿಸದ ಕಾರಣ ಅದೇ ಎಂದು ನಾನು ಇಂದಿಗೂ ಖಚಿತವಾಗಿ ಹೇಳಲಾರೆ.

ಅಡುಗೆಯವರ ಕೈಯ ಗಾಯದಿಂದ, ಮೂಗಿನಿಂದ ಆಹಾರಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಕಾಡುತ್ತದೆ. ಮದುವೆಯ ದೊಡ್ಡ ದೇಗ್‌ಗಳಲ್ಲಿ ಮಾಡಿದ ಮಾಂಸದ ಅಡುಗೆ ನಿಧಾನವಾಗಿ ಆರುವಾಗ ಬೆಳೆಯುವ ಕ್ಲಾಸ್ಟ್ರಿಡಿಯಂ ಆರರಿಂದ ಇಪ್ಪತ್ತನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಕೋಳಿ, ಮೊಟ್ಟೆಗಳಿಂದ ಬರುವ ಸಾಲ್ಮೊನೆಲ್ಲಾ ಆರು ಗಂಟೆಯಿಂದ ಆರು ದಿನದವರೆಗೂ ಕಾಯಬಲ್ಲದು. ಆದ್ದರಿಂದ ಕೊನೆಗೆ ತಿಂದದ್ದೇ ಕಾರಣ ಎಂದು ತೀರ್ಮಾನಿಸಬೇಡಿ. ಬಡ ಪಾನಿಪೂರಿ ಗಾಡಿಯವನನ್ನು ಸುಮ್ಮನೆ ದೂರಿ ಅವನ ಹೊಟ್ಟೆಯ ಮೇಲೆ ಹೊಡೆಯುವುದೂ ಅನ್ಯಾಯವೇ. ಪರಿಹಾರ ಕೇಳುವವನು ಮೊದಲು ಸತ್ಯವನ್ನು ಹುಡುಕಬೇಕು.

ಕಾಯಿಲೆಯಾದಾಗ ಮೊದಲ ಕೆಲಸ ಚಿಕಿತ್ಸೆ. ಒಂದು ಲೀಟರ್ ಶುದ್ಧ ನೀರಿಗೆ ಓಆರ್‌ಎಸ್ ಪೊಟ್ಟಣ, ಅದಿಲ್ಲದಿದ್ದರೆ ಆರು ಸಮ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಂತುಹೋಗುವುದು, ಮಂಪರು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರ ವಿಷಯದಲ್ಲಿ ಕಾಯಲೇಬೇಡಿ.

ಎರಡನೆಯ ಕೆಲಸ ಸಾಕ್ಷ್ಯ. ಆಸ್ಪತ್ರೆಯ ಚೀಟಿಯಲ್ಲಿ ಯಾವಾಗ, ಎಲ್ಲಿ, ಏನು ತಿಂದಿರಿ ಎಂಬುದನ್ನು ಬರೆಯುವಂತೆ ವೈದ್ಯರನ್ನು ವಿನಂತಿಸಿ. ಮಲ ಪರೀಕ್ಷೆ ಬೇಕೇ ಎಂದು ಕೇಳಿ. ಉಳಿದ ಆಹಾರವನ್ನು ಶುದ್ಧ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಪೊಟ್ಟಣದ ಆಹಾರವಾದರೆ ಹೊದಿಕೆಯನ್ನು ಎಸೆಯಬೇಡಿ, ಬ್ಯಾಚ್ ಸಂಖ್ಯೆ ಅದರಲ್ಲೇ ಇರುತ್ತದೆ. ಹೋಟೆಲಿನ ಗೋಡೆಯ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆಯನ್ನು ಬರೆದುಕೊಳ್ಳಿ. ಔಷಧಿ ರಸೀದಿ, ಬಸ್ ಟಿಕೆಟ್, ಕಳೆದ ಕೂಲಿಯ ಲೆಕ್ಕ, ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಬಿಲ್ಲು ಇಲ್ಲದಿದ್ದರೆ ದಾರಿ ಪೂರ್ತಿ ಮುಚ್ಚಿತೆಂದಲ್ಲ. ಫೋನಿನ ಮೂಲಕ ಹಣ ಕೊಟ್ಟ ದಾಖಲೆ, ಫೋಟೋ, ಜೊತೆಗಿದ್ದವರ ಪ್ರಮಾಣಪತ್ರಗಳೂ ಸಾಕ್ಷ್ಯವಾಗುತ್ತವೆ. ಇದು ನನಗೆ ಅಂದು ತಿಳಿದಿರಲಿಲ್ಲ.

ಮೂರನೆಯದು ದೂರು. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಅದೇ ದಿನ ತಿಳಿಸಿ. ಆಹಾರದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಗಿದೆ. ನಾವು ತಡ ಮಾಡಿದರೆ ಪಾತ್ರೆ ತೊಳೆದಾಗಿರುತ್ತದೆ.

ಕಾನೂನು ಏನು ಹೇಳುತ್ತದೆ? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 65ನೇ ಕಲಮಿನ ಪ್ರಕಾರ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಯಾದರೆ ಗರಿಷ್ಠ 3 ಲಕ್ಷ, ಇತರ ಹಾನಿಗೆ ಗರಿಷ್ಠ 1 ಲಕ್ಷ ರೂಪಾಯಿ ಪರಿಹಾರ ಕೊಡಿಸಬಹುದು. ಸಾವಿನ ಪ್ರಕರಣದಲ್ಲಿ ಹತ್ತಿರದ ವಾರಸುದಾರರಿಗೆ 30 ದಿನದೊಳಗೆ ಮಧ್ಯಂತರ ಪರಿಹಾರ ಕೊಡಿಸುವ ಮಾತೂ ಅಲ್ಲಿದೆ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಚಿಕಿತ್ಸೆಯ ಖರ್ಚು, ಹೋದ ಕೂಲಿ, ಮಾನಸಿಕ ಯಾತನೆ, ದಾವೆಯ ವೆಚ್ಚ ಇವೆಲ್ಲವನ್ನೂ ಅಲ್ಲಿ ಕೇಳಬಹುದು. ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಂಡ ವಸ್ತು ಅಥವಾ ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. 1986ರ ಹಳೆಯ ಕಾಯ್ದೆಯಲ್ಲಿ ಹೋಟೆಲ್ ಇರುವ ಅಥವಾ ಘಟನೆ ನಡೆದ ಜಿಲ್ಲೆಗೇ ಅಲೆಯಬೇಕಿತ್ತು. 2020ರ ಜುಲೈನಿಂದ ಜಾರಿಯಾದ 2019ರ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೂಲಿ ಮಾಡುವವರಿಗೆ ಇದೊಂದು ದೊಡ್ಡ ಉಪಕಾರ. ಸಲಹೆಗೆ 1915 ಎಂಬ ಸಹಾಯವಾಣಿ ಇದೆ.

"ಮದುವೆಗೆ ಹೋಗಿ ಉಂಡೆವು, ಹಣ ಕೊಟ್ಟವರು ನಾವಲ್ಲ" ಎಂದು ತಾವು ಕೇಳಬಹುದು. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕರೇ. ಈ ವಿಚಾರಕ್ಕೆ ಒಂದು ಹಳೆಯ ಕಥೆಯಿದೆ. 1928ರ ಆಗಸ್ಟ್ 26ರಂದು ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ ಮೇ ಡೊನೊಘ್ಯೂ ಎಂಬ ಮಹಿಳೆಗೆ ಗೆಳತಿಯೊಬ್ಬಳು ಶುಂಠಿ ಪಾನೀಯ ಕೊಡಿಸಿದಳು. ಬಾಟಲಿಯಲ್ಲಿ ಕೊಳೆತ ಬಸವನ ಹುಳು ಇತ್ತೆಂದೂ ತನಗೆ ಹೊಟ್ಟೆಯ ಕಾಯಿಲೆಯಾಯಿತೆಂದೂ ಆಕೆ ದಾವೆ ಹೂಡಿದಳು. ದುಡ್ಡು ಕೊಟ್ಟವಳು ಆಕೆಯಲ್ಲ, ನ್ಯಾಯಾಲಯದ ವೆಚ್ಚ ಭರಿಸುವ ಶಕ್ತಿಯೂ ಇರಲಿಲ್ಲ. ನಿರ್ಗತಿಕಳೆಂದು ಘೋಷಿಸಿಕೊಂಡು ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದಳು. ತಯಾರಕನಿಗೆ ಕೊನೆಯ ಗ್ರಾಹಕನ ಬಗ್ಗೆಯೂ ಎಚ್ಚರದ ಹೊಣೆಯಿದೆ ಎಂದು 1932ರಲ್ಲಿ ಮೂರು ಮತಗಳ ಬಹುಮತದಿಂದ ತೀರ್ಪಾಯಿತು. ಇಬ್ಬರು ವಿರೋಧಿಸಿದ್ದರು. ಒಬ್ಬ ಬಡ ಹೆಣ್ಣುಮಗಳ ಹಟದಿಂದ ಹುಟ್ಟಿದ ಆ ತತ್ವವನ್ನು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಓದುತ್ತಾರೆ.

ಹಕ್ಕಿನ ಜೊತೆಗೆ ಹೊಣೆಯೂ ಇದೆ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ನಮ್ಮ ಶಾಲೆಗಳಲ್ಲಿ ಶಿಕ್ಷಕರು ಮೊದಲು ಊಟದ ರುಚಿ ನೋಡಬೇಕೆಂಬ ನಿಯಮವನ್ನು ಕೆಲವರು ಹಗುರವಾಗಿ ಕಾಣುತ್ತಾರೆ. ಆ 23 ಮಕ್ಕಳನ್ನು ನೆನೆದರೆ ಅದು ಹಗುರವೆನಿಸದು. ನಮ್ಮ ಸಂಘವೂ ಸಮಾರಂಭಗಳಲ್ಲಿ ನೂರಾರು ಜನರಿಗೆ ಊಟ ಹಾಕುತ್ತದೆ. ಅಡುಗೆ ಗುತ್ತಿಗೆ ಕೊಡುವಾಗ ಪರವಾನಗಿ ಕೇಳೋಣ, ರಸೀದಿ ಪಡೆಯೋಣ, ಬಿಸಿ ಊಟವನ್ನು 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಯೇ ಇಡಿಸೋಣ, ಉಳಿದದ್ದನ್ನು ಎರಡು ಗಂಟೆಯೊಳಗೆ ಹಂಚೋಣ ಇಲ್ಲವೇ ತಣ್ಣಗಿಡೋಣ.

ಹಿರಿಯರಲ್ಲಿ ನನ್ನದೊಂದು ಅರಿಕೆ. "ಹಣೆಬರಹ, ಬಿಡಿ", "ಕೋರ್ಟು ಕಚೇರಿ ನಮಗ್ಯಾಕೆ" ಎಂದು ಮಕ್ಕಳ ಎದುರಿಗೆ ಹೇಳಬೇಡಿ. ನಾವು ದೂರು ಕೊಡದೆ ಸುಮ್ಮನಾದ ಅಡುಗೆಮನೆಯಲ್ಲಿ ನಾಳೆ ಇನ್ನೊಂದು ಬಸ್ಸಿನ ಮಕ್ಕಳು ಊಟಕ್ಕೆ ಕೂರುತ್ತಾರೆ. ವಿದ್ಯಾರ್ಥಿಗಳೇ, ಹತ್ತು ರೂಪಾಯಿಗೂ ರಸೀದಿ ಕೇಳುವುದನ್ನು ಕಲಿಯಿರಿ. ನಾನು ಅಂದು ಉಳಿಸಿದ 450 ರೂಪಾಯಿ ಆ ಹಮಾಲಿ ತಂದೆಯ ಎರಡು ದಿನದ ಕೂಲಿಯನ್ನೂ ನುಂಗಿತು, ನನ್ನ ಬಾಯಿಯನ್ನೂ ಕಟ್ಟಿತು. ಆ ಹುಡುಗಿಯ ಪಟ್ಟಿಯ ಪುಟ ನನ್ನ ಬಳಿ ಇನ್ನೂ ಇದೆ. ಪ್ರತಿ ಪ್ರವಾಸಕ್ಕೂ ಮುಂಚೆ ಅದನ್ನು ತರಗತಿಯಲ್ಲಿ ತೋರಿಸುತ್ತೇನೆ, ಆಮೇಲೆ ಒಬ್ಬ ವಿದ್ಯಾರ್ಥಿಗೆ ಬಿಲ್ಲುಗಳ ಜವಾಬ್ದಾರಿ ಕೊಡುತ್ತೇನೆ.