ಕೆರೆಯ ದಡದಲ್ಲಿ ಒಂದು ರಾತ್ರಿ



ನಿಮ್ಮ ಊರಿನ ಕೆರೆಯನ್ನು ಹಗಲಿನಲ್ಲಿ ನೀವು ಎಷ್ಟೋ ಸಲ ನೋಡಿರುತ್ತೀರಿ. ಏರಿಯ ಮೇಲೆ ಸೈಕಲ್ ಹೊಡೆದಿರುತ್ತೀರಿ, ನೀರಿನ ಮೇಲೆ ಚಪ್ಪಟೆ ಕಲ್ಲು ಹಾರಿಸಿರುತ್ತೀರಿ. ಆದರೆ ಸಂಜೆಯಿಂದ ಬೆಳಗಿನವರೆಗೆ ಅದೇ ಕೆರೆಯ ದಡದಲ್ಲಿ ಎಂದಾದರೂ ಕುಳಿತಿದ್ದೀರಾ? ಗಾಳ ಹಾಕಿ ಮೀನು ಹಿಡಿಯುವವರು ಹಾಗೆ ಕೂರುತ್ತಾರೆ. ಅವರೊಡನೆ ಒಂದು ರಾತ್ರಿ ಕಳೆದರೆ, ಕೆರೆಯೆಂದರೆ ಬರಿಯ ನೀರಲ್ಲ, ಅದೂ ಉಸಿರಾಡುತ್ತದೆ ಎಂಬುದು ತಿಳಿಯುತ್ತದೆ. ಆ ಉಸಿರಿನ ವಿಷಯವನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಗಾಳದ ಮೀನುಗಾರಿಕೆ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವೇ ಇದೆ. ಯಾವ ಜಾತಿಯ ಮೀನಿಗೆ ಯಾವ ಎರೆ, ಗಾಳದ ದಾರ ಹೇಗಿರಬೇಕು ಎಂಬುದನ್ನೆಲ್ಲ ಅಲ್ಲಿ ವಿವರಿಸಲಾಗಿದೆ. ದೊರೆಗೆ ಅದು ವಿನೋದ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಅದು ಮರುದಿನದ ಸಾರು.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಒಂದು ಬೇಸಿಗೆಯಲ್ಲಿ ನಮ್ಮ ತಂಡ ಬಯಲುಸೀಮೆಯ ಒಂದು ಕೆರೆಗೆ ಹೋಗಿತ್ತು. ಆ ಕೆರೆಯ ಮೀನಿನ ಗುತ್ತಿಗೆ ಹಿಡಿದ ಸಂಘದ ಸದಸ್ಯರಾದ ಹಿರಿಯರೊಬ್ಬರು ನಮಗೆ ಅಂದಿನ ಗುರು. ಎಲ್ಲರೂ ಅವರನ್ನು ತಾತ ಎಂದೇ ಕರೆಯುತ್ತಿದ್ದರು. ಕಡಲೆಕಾಯಿ ಹಿಂಡಿ, ಅಕ್ಕಿ ತವುಡು, ರಾಗಿ ಹಿಟ್ಟು ಕಲಸಿ ಅವರು ಉಂಡೆ ಕಟ್ಟಿಕೊಂಡಿದ್ದರು. ಡಬ್ಬಿಯಲ್ಲಿ ಎರೆಹುಳುಗಳೂ ಇದ್ದವು. ನಾವು ದೀಪ, ಕ್ಯಾಮೆರಾ ಹೊತ್ತು ದಡದ ಮೇಲೆ ದಡದಡನೆ ಓಡಾಡುತ್ತಿದ್ದಾಗ ತಾತ ಗದರಿದರು: “ಮೆಲ್ಲಗೆ ನಡೀರಪ್ಪ, ನಿಮ್ ಕಾಲ್ ಸಪ್ಪಳ ಅವಕ್ಕೆ ಕೇಳ್ತದೆ.”

ಅದು ಬರಿಯ ನಂಬಿಕೆಯೇ? ಅಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ನೀರಿನಲ್ಲಿ ಸುಮಾರು 1,480 ಮೀಟರ್ ಸಾಗುತ್ತದೆ. ಗೆಂಡೆ ಜಾತಿಯ ಮೀನುಗಳಲ್ಲಿ ಒಡಲಿನ ಗಾಳಿಚೀಲ ಮತ್ತು ಒಳಗಿವಿಯ ನಡುವೆ ಪುಟ್ಟ ಮೂಳೆಗಳ ಒಂದು ಸರಪಳಿ ಇರುತ್ತದೆ. ಅದನ್ನು 1820ರಲ್ಲಿ ವಿವರಿಸಿದ ಜರ್ಮನ್ ವಿಜ್ಞಾನಿಯ ನೆನಪಿಗೆ ಅವನ್ನು ವೇಬರನ ಮೂಳೆಗಳು ಎನ್ನುತ್ತಾರೆ. ಗಾಳಿಚೀಲಕ್ಕೆ ತಾಗಿದ ಕಂಪನ ಈ ಮೂಳೆಗಳ ಮೂಲಕ ಕಿವಿಗೆ ಮುಟ್ಟುತ್ತದೆ. ಇದಲ್ಲದೆ ಮೈಯ ಎರಡು ಪಕ್ಕಗಳಲ್ಲಿರುವ ಪಾರ್ಶ್ವರೇಖೆ ನೀರಿನ ಸಣ್ಣ ಅಲುಗಾಟವನ್ನೂ ಗುರುತಿಸುತ್ತದೆ. ತಾತ ಈ ಹೆಸರುಗಳನ್ನು ಕೇಳಿದವರಲ್ಲ. ಆದರೆ ವಿಷಯ ಅವರಿಗೆ ಗೊತ್ತಿತ್ತು.

ಕತ್ತಲಾದ ಮೇಲೆ ಗಾಳದ ಕೋಲಿನ ತುದಿಗೆ ತಾತ ಒಂದು ಗೆಜ್ಜೆ ಕಟ್ಟಿದರು. ಬೆಂಡು ಕಾಣದಿದ್ದರೂ ಗೆಜ್ಜೆ ಕೇಳುತ್ತದಲ್ಲ! ಎರೆಯನ್ನು ಎಷ್ಟು ಆಳಕ್ಕೆ ಬಿಡಬೇಕು ಎಂಬುದು ಮೀನಿನ ಬಾಯಿಯನ್ನು ನೋಡಿದರೆ ತಿಳಿಯುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುಪದರದ್ದು, ಮೃಗಾಲ್ ತಳದ್ದು. ಸಾಮಾನ್ಯ ಗೆಂಡೆ ಕೆಸರನ್ನು ಕೆದಕುತ್ತದೆ. ಅದರ ಬಾಯಿಯ ಬಳಿ ನಾಲ್ಕು ಮೀಸೆಗಳಿವೆ. ಅವುಗಳಲ್ಲಿ ರುಚಿಮೊಗ್ಗುಗಳಿರುವುದರಿಂದ ಅದು ಕತ್ತಲಲ್ಲೂ ಆಹಾರವನ್ನು ಹುಡುಕಬಲ್ಲದು. ರಾತ್ರಿ ಹನ್ನೊಂದರ ಹೊತ್ತಿಗೆ ಗೆಜ್ಜೆ ಕುಣಿಯಿತು. ಸುಮಾರು ಒಂದು ಕಿಲೋ ತೂಗುವ ಸಾಮಾನ್ಯ ಗೆಂಡೆ ದಡಕ್ಕೆ ಬಂತು.

ಈ ಗೆಂಡೆ ನಮ್ಮ ನಾಡಿನದಲ್ಲ. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಇದರ ಒಂದು ತಳಿ ಬಂತು. 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿಯನ್ನು ತರಲಾಯಿತು. ಕಾಟ್ಲಾ, ರೋಹು, ಮೃಗಾಲ್ ಭಾರತದವೇ. ಆದರೆ ನಿಂತ ನೀರಿನಲ್ಲಿ ಅವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಹಿಂದೆ ನದಿಗಳಲ್ಲಿ ಮರಿಗಳನ್ನು ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳು ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಮರಿಗಳನ್ನು ಕೇಂದ್ರಗಳಲ್ಲಿ ಬೆಳೆಸಿ ಕೆರೆಗಳಿಗೆ ಬಿಡುವುದು ಸುಲಭವಾಯಿತು. ಈ ಮಾತನ್ನು ನೆನಪಿನಲ್ಲಿಡಿ: ನಮ್ಮ ಕೆರೆಗಳ ಬಹುಪಾಲು ಗೆಂಡೆಗಳು ತಾವಾಗಿ ಬಂದವಲ್ಲ, ನಾವು ತಂದು ಬಿಟ್ಟವು.

ಇನ್ನು ಉಸಿರಿನ ಮಾತಿಗೆ ಬರೋಣ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ಆದರೆ ಸಮುದ್ರಮಟ್ಟದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿಕೊಂಡು ಇಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಇದು ಇನ್ನೂ ಕಡಿಮೆ. ಮೀನು ಬದುಕುವುದೇ ಈ ಅಲ್ಪ ಬಂಡವಾಳದಲ್ಲಿ.

ಹಗಲಿನಲ್ಲಿ ಪಾಚಿ ಮತ್ತು ನೀರುಗಿಡಗಳು ಬಿಸಿಲಿನ ನೆರವಿನಿಂದ ಆಹಾರ ತಯಾರಿಸುತ್ತ ಆಮ್ಲಜನಕವನ್ನು ಬಿಡುತ್ತವೆ. ಸೂರ್ಯ ಮುಳುಗಿದೊಡನೆ ಈ ಆದಾಯ ನಿಲ್ಲುತ್ತದೆ. ಖರ್ಚು ಮಾತ್ರ ನಿಲ್ಲುವುದಿಲ್ಲ. ಮೀನು, ಹುಳು, ಬ್ಯಾಕ್ಟೀರಿಯಾ ಮಾತ್ರವಲ್ಲ, ಹಗಲೆಲ್ಲ ಆಮ್ಲಜನಕ ಕೊಟ್ಟ ಪಾಚಿಯೂ ರಾತ್ರಿಯಿಡೀ ಅದನ್ನು ಬಳಸುತ್ತದೆ. ಹೀಗಾಗಿ ಕೆರೆಯಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಾಗುವುದು ಬೆಳಗಾಗುವುದಕ್ಕೆ ಸ್ವಲ್ಪ ಮುಂಚೆ.

ಇದನ್ನು ಕಣ್ಣಿಗೆ ತೋರಿಸಲು ನಾವು ವಿಂಕ್ಲರ್ ವಿಧಾನವನ್ನು ಬಳಸಿದೆವು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯನ್ನು ನಿಮ್ಮಲ್ಲಿ ಕೆಲವರು ಕಾಲೇಜಿನಲ್ಲಿ ಮಾಡಿರಬಹುದು. ಗಾಳಿಗುಳ್ಳೆ ಸೇರದಂತೆ ಬಾಟಲಿಯಲ್ಲಿ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣಗಳನ್ನು ಹಾಕಬೇಕು. ಆಮ್ಲಜನಕವಿದ್ದರೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ. ಇಲ್ಲದಿದ್ದರೆ ಗಷ್ಟು ಬೆಳ್ಳಗೇ ಉಳಿಯುತ್ತದೆ. ಸಂಜೆ ಆರಕ್ಕೆ ತುಂಬಿದ ಬಾಟಲಿಯಲ್ಲಿ ಗಷ್ಟು ಕಡುಕಂದು. ಬೆಳಗಿನ ಐದೂವರೆಗೆ ತುಂಬಿದ್ದರಲ್ಲಿ ಬಣ್ಣ ಬಹಳ ತೆಳು. ಎರಡೂ ಅದೇ ಕೆರೆಯ, ಅದೇ ಜಾಗದ ನೀರು.

ಆ ಹೊತ್ತಿಗೆ ನೀರಿನ ಮೇಲೆ ಅಲ್ಲಲ್ಲಿ ಮೀನಿನ ಬಾಯಿಗಳು ಕಾಣಿಸಿಕೊಂಡವು. ಗುಳುಕ್ ಗುಳುಕ್ ಎಂಬ ಸದ್ದು. ನಮ್ಮ ಕ್ಯಾಮೆರಾದ ಹುಡುಗ ಉತ್ಸಾಹದಿಂದ, “ತಾತ, ಎಷ್ಟೊಂದು ಮೀನು! ಬೇಗ ಗಾಳ ಹಾಕಿ” ಎಂದ. ತಾತ ಆಗಲೇ ದಾರ ಸುತ್ತುತ್ತಿದ್ದರು. “ಈಗ ಹಾಕಬಾರದು ಕಣಪ್ಪ. ಅವು ಉಸಿರಿಗೆ ಒದ್ದಾಡ್ತಾ ಅವೆ. ಈ ಹೊತ್ನಲ್ಲಿ ಅವು ತಿನ್ನೋದೂ ಇಲ್ಲ” ಎಂದರು. ನೀರಿನ ಮೇಲ್ಪೊರೆ ಗಾಳಿಗೆ ತಾಗಿರುವುದರಿಂದ ಅಲ್ಲಿ ಕೊಂಚ ಹೆಚ್ಚು ಆಮ್ಲಜನಕವಿರುತ್ತದೆ. ಮೀನುಗಳು ಬಂದದ್ದು ಅದಕ್ಕಾಗಿ. ಬಿಸಿಲು ಏರಿದ ಮೇಲೆ ಆ ಬಾಯಿಗಳು ಒಂದೊಂದಾಗಿ ಮರೆಯಾದವು. ಕೆರೆ ಆ ರಾತ್ರಿಯನ್ನು ದಾಟಿತ್ತು.

ಎಲ್ಲ ಕೆರೆಗಳೂ ದಾಟುವುದಿಲ್ಲ. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಕೊಳಚೆ ನೀರು ಕೆರೆಗೆ ಸೇರಿದಾಗ ಆಗುವುದೇನು? ಅದರ ಕಶ್ಮಲವನ್ನು ಕೊಳೆಯಿಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಕಬಳಿಸುತ್ತದೆ. ಅದರಲ್ಲಿನ ಸಾರಜನಕ, ರಂಜಕದ ಸಂಯುಕ್ತಗಳು ಪಾಚಿಗೆ ಗೊಬ್ಬರವಾಗುತ್ತವೆ. ನೀರು ಹಸಿರಾದಷ್ಟೂ ಮಧ್ಯಾಹ್ನ ಆಮ್ಲಜನಕ ಹೆಚ್ಚು, ಬೆಳಗಿನ ಜಾವ ಅಷ್ಟೇ ಕಡಿಮೆ. ಮಧ್ಯಾಹ್ನದಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಕೆರೆ ಆರೋಗ್ಯವಾಗಿಯೇ ಕಾಣಬಹುದು! ಕೊರವದಂತೆ ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲ ಮೀನುಗಳು ಇಂಥ ನೀರಿನಲ್ಲಿ ಉಳಿದುಕೊಳ್ಳುತ್ತವೆ. ಗೆಂಡೆಗಳಿಗೆ ಆ ಅನುಕೂಲವಿಲ್ಲ.

ಕಾರಂಜಿಗಳು ನೀರಿಗೆ ಗಾಳಿ ಬೆರೆಸುತ್ತವೆ, ನಿಜ. ಆದರೆ ಕೊಳಚೆಯ ಕಾಲುವೆ ತೆರೆದೇ ಇದ್ದರೆ ಅದು ಸೋರುವ ಕೊಡಕ್ಕೆ ನೀರು ಹೊಯ್ದಂತೆ.

ನೀವೇನು ಮಾಡಬಹುದು? ನಿಮ್ಮ ಅಧ್ಯಾಪಕರ ಜೊತೆಗೂಡಿ, ಗುತ್ತಿಗೆದಾರರ ಅನುಮತಿ ಪಡೆದು, ಒಂದು ಸಂಜೆ ಮತ್ತು ಮರುದಿನದ ಮುಂಜಾವು ಊರಿನ ಕೆರೆಯ ನೀರನ್ನು ಪರೀಕ್ಷಿಸಿ. ಒಬ್ಬೊಬ್ಬರೇ ಹೋಗಬೇಡಿ, ನೀರಿಗೆ ಇಳಿಯಬೇಡಿ. ಎರಡು ಬಾಟಲಿಗಳನ್ನು ಅಕ್ಕಪಕ್ಕದಲ್ಲಿಟ್ಟು ಊರಿನ ಹಿರಿಯರಿಗೆ, ಪಂಚಾಯಿತಿ ಸದಸ್ಯರಿಗೆ ತೋರಿಸಿ. ಬಣ್ಣದ ವ್ಯತ್ಯಾಸವನ್ನು ಯಾರು ಬೇಕಾದರೂ ನೋಡಿ ತಿಳಿಯಬಹುದು.

ಆ ಮೀನುಗಳನ್ನು ಕೆರೆಗೆ ಬಿಟ್ಟವರು ನಾವು. ಅವುಗಳ ಉಸಿರಿನ ಹೊಣೆಯೂ ನಮ್ಮದೇ. ಹಿಡಿದು ತಿನ್ನುವ ತಾತನಿಗೆ ಅದು ಗೊತ್ತಿತ್ತು. ಮುಂಜಾವಿನಲ್ಲಿ ಅವರು ದಾರ ಸುತ್ತಿಟ್ಟದ್ದು ಅದಕ್ಕೇ.