ಮಕ್ಕಳ ಕೈಗೆ ಕಂಪ್ಯೂಟರು, ಮೊಬೈಲು: ಮನೆಯ ಹಿರಿಯರ ಜವಾಬ್ದಾರಿ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಹಸು, ಹಿಂಡಿ, ಫ್ಯಾಟು, ಬಟವಾಡೆ ಇವುಗಳ ಬಗ್ಗೆ ಮಾತಾಡೋದು ಬಿಟ್ಟು ಕಂಪ್ಯೂಟರ್ ವಿಷಯ ಯಾಕಪ್ಪಾ ಎಂದು ಕೆಲವರು ನಮ್ಮನ್ನು ಕೇಳಿದರು. ನಮ್ಮ ಹಾಲಿನ ದುಡ್ಡು ಈಗ ಬ್ಯಾಂಕ್ ಖಾತೆಗೆ ಹೋಗುತ್ತೆ. ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ. ಆ ಖಾತೆಗೆ ಸೇರಿದ ನಂಬರು ಯಾವ ಮೊಬೈಲಿನಲ್ಲಿದೆಯೋ ಅದೇ ಮೊಬೈಲು ಸಂಜೆಯಾದರೆ ಮಕ್ಕಳ ಕೈಲಿರುತ್ತೆ. ಹಾಗಾಗಿ ಇದು ಸಂಘದ ವಿಷಯವೇ.

ಕಂಪ್ಯೂಟರ್ ನಮಗೆ ಹೊಸದಲ್ಲ. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದಾಗಲೇ ಅದರ ಪರಿಚಯವಾಯಿತು. ಆದರೆ ಅದು ಕಚೇರಿಯಲ್ಲಿತ್ತು. ಮನೆಯೊಳಕ್ಕೆ, ಅದೂ ಮಕ್ಕಳ ಕೈಗೆ ಬಂದದ್ದು 2020ರಲ್ಲಿ. ಮಾರ್ಚಿಯಲ್ಲಿ ಕೊರೊನಾ ಎಂದು ಶಾಲೆ ಮುಚ್ಚಿದರು. ಚಂದನ ವಾಹಿನಿಯಲ್ಲಿ ಪಾಠ ಬಂತು, ವಿದ್ಯಾಗಮ ಎಂದು ಮೇಷ್ಟ್ರುಗಳು ವಠಾರಕ್ಕೇ ಬಂದು ಪಾಠ ಹೇಳಿದರು, ಜೊತೆಗೆ ವಾಟ್ಸಾಪಿನಲ್ಲಿ ಹೋಮ್ ವರ್ಕ್ ಶುರುವಾಯಿತು. ಎಷ್ಟೋ ಮನೆಯಲ್ಲಿ ಹಸು ಮಾರಿ ಅಲ್ಲದಿದ್ದರೂ ಸಾಲ ಮಾಡಿ ಫೋನು ತಂದರು. ಶಾಲೆ ಮತ್ತೆ ತೆರೆಯಿತು, ಫೋನು ಮಾತ್ರ ಮಕ್ಕಳ ಕೈಯಿಂದ ವಾಪಸ್ಸು ಬರಲಿಲ್ಲ.

ಕಿತ್ತುಕೊಳ್ಳಿ ಎಂದು ನಾವು ಹೇಳೋದಿಲ್ಲ. ಪಠ್ಯಪುಸ್ತಕದಲ್ಲಿರೋ ಚೌಕದ ಗುರುತನ್ನು ದೀಕ್ಷಾ ಆಪಿನಲ್ಲಿ ತೋರಿಸಿದರೆ ಅದೇ ಪಾಠದ ವೀಡಿಯೋ ಬರುತ್ತೆ. ನಾಳೆ ಕೆಲಸಕ್ಕೆ ಅರ್ಜಿ ಹಾಕೋದಿದ್ದರೂ ಕಂಪ್ಯೂಟರ್ ಬೇಕು. ಕಲಿಸಲೇಬೇಕು. ಆದರೆ ಉರುಸಿನ ದಿನ ನಮ್ಮೂರ ದರ್ಗಾ ಹತ್ತಿರ ಎಂಥ ಜನ ಸೇರ್ತಾರೆ ಅಂತ ನಿಮಗೇ ಗೊತ್ತು. ಒಳ್ಳೆಯವರೇ ಹೆಚ್ಚು. ಆದರೂ ಆರು ವರ್ಷದ ಮಗುವನ್ನು ಆ ಜಂಗುಳಿಯಲ್ಲಿ ಒಂಟಿಯಾಗಿ ಬಿಡ್ತೀವಾ? ಕೈ ಹಿಡ್ಕೊಂಡು ಹೋಗ್ತೀವಿ. ಇಂಟರ್‌ನೆಟ್ಟು ವರ್ಷವೆಲ್ಲಾ ಉರುಸು ಇದ್ದಂತೆ, ಅದೂ ಮುಖ ಕಾಣದ ಜನ.

ಮೊದಲು ದುಡ್ಡಿನ ಮಾತು. ನಮ್ಮಲ್ಲಿ ಹಾಲು ಹಾಕೋರು ಹೆಚ್ಚಾಗಿ ಹೆಂಗಸರು. ಖಾತೆ ಅಮ್ಮನದು, ಪಿನ್ ನಂಬರು ಮಗನಿಗೆ ಗೊತ್ತು. "ನಂಗೆ ಓದಕ್ಕೆ ಬರಲ್ಲ, ಅವನೇ ಒತ್ತುತಾನೆ" ಅಂತಾರೆ. ಮಗ ಕಳ್ಳನಲ್ಲ. ಆದರೆ ಆಟದೊಳಗೆ ಬಂದೂಕು, ವಜ್ರ, ಬಟ್ಟೆ ಅಂತ ನೂರು ಇನ್ನೂರಕ್ಕೆ ಮಾರ್ತಾರೆ. ಒಂದು ಸಲ ಒತ್ತಿದರೆ ಹೋಯಿತು, ಹದಿನೈದು ದಿನದ ಬಟವಾಡೆ ಎಲ್ಲಿಗೆ ಹೋಯಿತು ಅಂತ ತಿಳಿಯೋದೇ ಇಲ್ಲ. ಪಣ ಕಟ್ಟುವ ಆಟಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಕಾನೂನು ಮಾಡಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟೇ ದುಡ್ಡಿನ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ಪಾಸು ಮಾಡಿತು. ಆದರೆ ಆಟದೊಳಗೆ ಬಂದೂಕು, ಬಟ್ಟೆ ಕೊಳ್ಳೋದು ಪಣ ಕಟ್ಟಿದಂತಲ್ಲ, ಅದು ನಡೀತಾನೇ ಇದೆ. ಅದನ್ನು ತಡೆಯೋ ಪೊಲೀಸು ಮನೆಯಲ್ಲೇ ಇರಬೇಕು.

ಉಪಾಯ ಕಷ್ಟವಿಲ್ಲ. ಬ್ಯಾಂಕಿಗೆ ಸೇರಿದ ಸಿಮ್ಮು ಒಂದು ಬಟನ್ ಫೋನಿನಲ್ಲಿ ಇರಲಿ, ಮಕ್ಕಳು ಓದೋ ಫೋನು ಬೇರೆ ಇರಲಿ. ಎರಡು ಫೋನು ಆಗದಿದ್ದರೆ ಪಿನ್ ನಂಬರು ಅಮ್ಮನೇ ಕಲೀಬೇಕು. ನಾಲ್ಕೋ ಆರೋ ಅಂಕಿ, ಅಷ್ಟೇ. ಎಷ್ಟು ಲೀಟರು, ಎಷ್ಟು ಡಿಗ್ರಿ ಅಂತ ಬಾಯಲ್ಲೇ ಲೆಕ್ಕ ಹೇಳೋ ಅಕ್ಕಂದಿರಿಗೆ ಇದು ಯಾವ ಮಹಾ! ಪ್ಲೇ ಸ್ಟೋರಿನಲ್ಲಿ ಪಾಸ್‌ವರ್ಡ್ ಕೇಳದೆ ಏನೂ ಕೊಳ್ಳದ ಹಾಗೆ ಇಡಬಹುದು. ಗೂಗಲ್ಲಿನ ಫ್ಯಾಮಿಲಿ ಲಿಂಕ್ ಅನ್ನೋ ಆಪು ಪುಕ್ಕಟೆ ಸಿಗುತ್ತೆ, ಮಗು ಎಷ್ಟು ಹೊತ್ತು ನೋಡಿತು, ಯಾವ ಆಪು ಹಾಕಿಕೊಂಡಿತು ಅಂತ ನಮ್ಮ ಫೋನಿನಲ್ಲಿ ಕಾಣುತ್ತೆ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನು ಮಾಡಬೇಕು. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಕೈಗೆ ಹೋಗುವ ಮುಂಚೆ ತಡೆಹಿಡಿಯುವ ಅವಕಾಶ ಹೆಚ್ಚು.

ನೋಡ್ತಾ ಇದ್ದರೆ ಮಕ್ಕಳಿಗೆ ಅನುಮಾನ ಪಟ್ಟ ಹಾಗಾಗಲ್ವೇ ಎಂದು ಒಬ್ಬ ಮೇಷ್ಟ್ರು ಕೇಳಿದರು. ಡೇರಿಯಲ್ಲಿ ಅಧ್ಯಕ್ಷರ ಮನೆ ಹಾಲಿಗೂ ಫ್ಯಾಟು ನೋಡ್ತೀವಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಎಲ್ಲರಿಗೂ ಒಂದೇ ಕ್ರಮ. ಮನೆಯಲ್ಲೂ ಹಾಗೇ, ರಾತ್ರಿ ಒಂಬತ್ತಕ್ಕೆ ಎಲ್ಲರ ಫೋನೂ ನಡುಮನೆಯಲ್ಲಿ ಚಾರ್ಜಿಗೆ ಅಂತ ಮಾಡಿದರೆ ಅಪ್ಪನದೂ ಅಲ್ಲೇ ಇರಬೇಕು. ಅಪ್ಪ ಹನ್ನೆರಡು ಗಂಟೆವರೆಗೆ ರೀಲ್ಸು ನೋಡ್ತಾ ಮಗನಿಗೆ ಮಲಗು ಅಂದರೆ ಯಾವ ಮಗ ಕೇಳ್ತಾನೆ?

ಓದು ಬರದ ತಾಯಂದಿರು ಏನು ಮಾಡೋದು? ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕೂರಿಸಿಕೊಂಡು "ಇವತ್ತು ಏನು ನೋಡಿದೆ, ನಂಗೂ ತೋರಿಸು" ಅನ್ನಿ. ನಮ್ಮ ಅನುಭವದಲ್ಲಿ ಎಲ್ಲಾ ಆಪಿಗಿಂತ ಇದು ಮೇಲು.

ಈಗ ಹೇಳೋದು ಸ್ವಲ್ಪ ಕಷ್ಟದ ಮಾತು. ಹೆಣ್ಣುಮಕ್ಕಳಿಗೆ ಗುರುತಿಲ್ಲದವನು ಮೆಸೇಜು ಹಾಕ್ತಾನೆ, ಫೋಟೊ ಕೇಳ್ತಾನೆ, ಆಮೇಲೆ ಎಲ್ಲರಿಗೂ ಕಳಿಸ್ತೀನಿ ಅಂತ ಹೆದರಿಸ್ತಾನೆ. ಗಂಡುಮಕ್ಕಳಿಗೂ ಹೀಗಾಗುತ್ತೆ. ಹುಡುಗಿ ಮನೆಯಲ್ಲಿ ಹೇಳಲ್ಲ. ಯಾಕೆ? ಹೇಳಿದರೆ ಫೋನು ಕಿತ್ಕೊಂಡು, ಸ್ಕೂಲು ಬಿಡಿಸಿ, ಗಂಡು ನೋಡ್ತಾರೆ ಅಂತ ಅವಳಿಗೆ ಗೊತ್ತು. ಹೆದರಿಸೋನಿಗೂ ಅದು ಗೊತ್ತು, ಅವನ ಬಲವೇ ಅದು. ಆದ್ದರಿಂದ ಇವತ್ತೇ ಮನೆಗೆ ಹೋಗಿ "ಏನೇ ಆದರೂ ನಮಗೆ ಹೇಳು, ಸ್ಕೂಲು ಬಿಡಿಸಲ್ಲ" ಅಂತ ಮಾತು ಕೊಡಿ. ಕೊಟ್ಟ ಮೇಲೆ ನಡೆಸಿಕೊಳ್ಳಿ. ಹದಿನೆಂಟರ ಒಳಗಿನ ಮಕ್ಕಳಿಗೆ 2012ರ ಪೋಕ್ಸೋ ಕಾಯಿದೆ ಇದೆ, 1098 ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇದೆ. ಬಂದ ಮೆಸೇಜು, ನಂಬರು ಅಳಿಸದೆ ಇಟ್ಕೊಂಡು ಪೊಲೀಸರಿಗೆ ತೋರಿಸಬೇಕು. ಫೋಟೊವನ್ನು ಮಾತ್ರ ನೆಂಟರಿಷ್ಟರಿಗೆ ಕಳಿಸಿ "ಏನು ಮಾಡೋದು" ಅಂತ ಕೇಳಬೇಡಿ, ಮಾನ ಹೋಗೋದು ಅಲ್ಲೇ.

ಊಟ, ನಿದ್ದೆ, ಓದು ಬಿಟ್ಟು, ಫೋನು ಕೇಳಿದರೆ ಕೈ ಎತ್ತುವ ಮಟ್ಟಕ್ಕೆ ಮಗು ಹೋಗಿದ್ದರೆ ಬೈಗುಳ, ಏಟು ಕೆಲಸಕ್ಕೆ ಬರಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಿಂದ ಇದಕ್ಕೇ ಬೇರೆ ಕ್ಲಿನಿಕ್ ನಡೆಸಿಕೊಂಡು ಬಂದಿದ್ದಾರೆ. ಹುಚ್ಚಾಸ್ಪತ್ರೆ ಅಂತ ನಾಚಿಕೆ ಪಡಬೇಡಿ.

ಮನೆಯಲ್ಲಿ ಬೇಡವೆಂದರೆ ಜಾಗ ಎಲ್ಲಿ? ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರವಾಗಿವೆ. 2020ರ ನವೆಂಬರಿನಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು, ಎಷ್ಟೋ ಕೇಂದ್ರಗಳಲ್ಲಿ ಕಂಪ್ಯೂಟರೂ ಇಟ್ಟಿದ್ದಾರೆ. ಹತ್ತು ಜನರ ಕಣ್ಣೆದುರು ಕೂತು ಕಲಿಯೋದು ಕಂಬಳಿ ಒಳಗೆ ನೋಡೋದಕ್ಕಿಂತ ಒಳ್ಳೆಯದು.

ಕೊನೆಯದಾಗಿ ಮಹಾಸಭೆಯ ಮುಂದೆ ನಮ್ಮದೊಂದು ಕೋರಿಕೆ. ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಹಾಲು ಅಳೆದಾದ ಮೇಲೆ ಒಂದು ಗಂಟೆ ಡೇರಿ ಕಟ್ಟಡ ತೆರೆದಿರಲಿ. ಕಾರ್ಯದರ್ಶಿಗಳು ಒಪ್ಪಿದ್ದಾರೆ. ಕಾಲೇಜು ಓದುವ ನಮ್ಮ ಸದಸ್ಯರ ಮಕ್ಕಳು ಇಬ್ಬರು ಮೂವರು ಬಂದು ಅಮ್ಮಂದಿರಿಗೆ ಪಿನ್ ಹಾಕೋದು, ಆಪಿಗೆ ಬೀಗ ಹಾಕೋದು ತೋರಿಸ್ತಾರೆ. ಬರುವಾಗ ಮೊಬೈಲೂ ತನ್ನಿ, ಮಗುವನ್ನೂ ಕರ್ಕೊಂಡು ಬನ್ನಿ. ಟೀ ಖರ್ಚು ಸಂಘದ್ದು. ಹಾಲು ಮಾತ್ರ ನಿಮ್ಮದೇ.