ಮತ್ತೆ ಮತ್ತೆ ಕೆಡುವ ಬಿಡಿಭಾಗ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಸಾಯಂಕಾಲ ಇಲ್ಲಿ ಪತ್ರಿಕೆ ಓದಲು ಬರುವವರಲ್ಲಿ ಗ್ಯಾರೇಜುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವವರು ಅನೇಕರು; ಕಚೇರಿಯಲ್ಲಿ ಲೆಕ್ಕ ಬರೆಯುವವರೂ ಅಷ್ಟೇ ಮಂದಿ. ಮೊದಲಿನವರ ಮಾತನ್ನು ಎರಡನೆಯವರಿಗೂ ತಿಳಿಯುವಂತೆ ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಆದಕಾರಣ ಒಂದೇ ಜಾತಿಯ ಗಾಡಿಯನ್ನು, ಅದರಲ್ಲಿಯೂ ಹಿಂದಿನ ಗಾಲಿಯ ಬಳಿಯ ಒಂದು ಮೊಳದಷ್ಟು ಜಾಗವನ್ನು ಮಾತ್ರ ವಿಷಯವಾಗಿ ತೆಗೆದುಕೊಂಡಿದ್ದೇನೆ.

ಮದರಾಸಿನಲ್ಲಿ ೧೯೬೧ರಿಂದ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಹಿರಿಯರು ಕಂಡಿದ್ದೀರಿ. ಅದು ಇಂಗ್ಲಂಡಿನ ಟ್ರಯಂಫ್ ಹೆರಾಲ್ಡಿನ ನಮ್ಮ ದೇಶದ ರೂಪ. ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕು ಮಾಡಿ ಟ್ರಯಂಫ್ ಕಂಪನಿಯವರು ೧೯೬೨ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಆಸನದ ಸ್ಪೋರ್ಟ್ಸ್ ಕಾರನ್ನು ಹೊರತಂದರು. ೧೯೮೦ರ ವರೆಗೆ ಅದು ನಡೆಯಿತು. ಅಣ್ಣ ಸಂಸಾರವಂದಿಗ, ತಮ್ಮ ಷೋಕಿಲಾಲ. ಹಿಂಗಾಲು ಮಾತ್ರ ಇಬ್ಬರದೂ ಒಂದೇ ಬಗೆಯದು.

ಆ ಹಿಂಗಾಲಿನ ರಚನೆ ಹೀಗಿದೆ. ನಮ್ಮ ಅಂಬಾಸಿಡರಿನಲ್ಲಿ ಎರಡು ಹಿಂದಿನ ಗಾಲಿಗಳ ನಡುವೆ ಗಟ್ಟಿಯಾದ ಒಂದೇ ಕೊಳವೆ ಇರುತ್ತದೆ. ಇದರಲ್ಲಿ ಹಾಗಿಲ್ಲ. ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ಚಾಸಿಗೇ ಬಿಗಿದು, ಅದರ ಎರಡೂ ಪಕ್ಕಕ್ಕೆ ಒಂದೊಂದು ಯೂನಿವರ್ಸಲ್ ಜಾಯಿಂಟಿನಿಂದ ಒಂದೊಂದು ಹಾಫ್ ಶಾಫ್ಟನ್ನು ತೂಗುಬಿಟ್ಟಿದ್ದಾರೆ. ಗಾಲಿಗಳು ರೆಕ್ಕೆಗಳಂತೆ ಬೇರೆ ಬೇರೆ ಏರಿಳಿಯುತ್ತವೆ. ಶಾಫ್ಟು ಗಾಲಿಯನ್ನು ತಿರುಗಿಸುವುದಷ್ಟೇ ಅಲ್ಲ, ಅದು ಪಕ್ಕಕ್ಕೆ ಜರುಗದಂತೆ ಹಿಡಿದುಕೊಂಡೂ ಇರಬೇಕು. ಒಬ್ಬನೇ ಆಳಿಗೆ ಎರಡು ಕೆಲಸ. ನಮ್ಮ ಮೇಸ್ತ್ರಿಗಳಿಗೆ ಈ ಏರ್ಪಾಡು ಹಿಡಿಸಲಿಲ್ಲ. ೧೯೭೨ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಝಲ್ ಕಾರಿನಲ್ಲಿ ಮದರಾಸಿನವರು ಮತ್ತೆ ಗಟ್ಟಿ ಅಚ್ಚನ್ನೇ ಹಾಕಿದರು. ಆದರೂ ಹಳೆಯ ಗಾಡಿಗಳನ್ನು ಪ್ರೀತಿಯಿಂದ ಸಾಕುವವರು ಇದ್ದಾರೆ, ಅವರ ಗಾಡಿ ನಮ್ಮವರ ಕೈಗೆ ರಿಪೇರಿಗೆ ಬರುವುದೂ ಉಂಟು.

ಇಂಥದೊಂದು ಹಳೆಯ ಸ್ಪಿಟ್‌ಫೈರ್ ಬಂತೆಂದಿಟ್ಟುಕೊಳ್ಳಿ. ಎಡಗಡೆಯ ಹಿಂದಿನ ಗಾಲಿಯ ಬೇರಿಂಗು ಕೂಗುತ್ತದೆ. ಹೊಸದನ್ನು ಹಾಕಿದ್ದಾಯಿತು. ನಾಲ್ಕು ತಿಂಗಳಿಗೆ ಮತ್ತೆ ಕೂಗು. ಮತ್ತೊಂದು ಹಾಕಿದ್ದಾಯಿತು. ಮಳೆಗಾಲ ಮುಗಿಯುವುದರೊಳಗೆ ಮೂರನೆಯದೂ ಹೋಯಿತು. ಧಣಿಗಳು ಬೇರಿಂಗು ಮಾರಿದವನನ್ನು ಬೈಯುತ್ತಾರೆ, ಮಾರಿದವನು ಫಿಟರನ್ನು ಬೈಯುತ್ತಾನೆ, ಫಿಟರು ರಸ್ತೆಯನ್ನು ಬೈಯುತ್ತಾನೆ. ನಾನಾ ಪೇಟೆಯ ಅಂಗಡಿಯಲ್ಲಿ ಕೊಂಡ ಮಾಲು ನಕಲಿ ಇದ್ದರೂ ಇರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂರೂ ನಕಲಿ, ಮೂರೂ ಎಡಗಡೆಯಲ್ಲಿಯೇ ಕೆಟ್ಟವು, ಬಲಗಡೆಯದು ಹತ್ತು ವರ್ಷದಿಂದ ಸುಮ್ಮನಿದೆ ಎಂದರೆ ನಂಬುವುದು ಕಷ್ಟ.

ಊರಿನಲ್ಲಿ ಚಕ್ಕಡಿಯ ಕೀಲು ಮೇಲಿಂದ ಮೇಲೆ ಮುರಿದರೆ ಬಡಿಗನು ಏನು ಮಾಡುತ್ತಾನೆ? ಗಾಲಿಯನ್ನು ಕಳಚಿ ಅಚ್ಚನ್ನೂ ಗುಂಬದ ಒಳಮೈಯನ್ನೂ ಬೆರಳಿನಿಂದ ಸವರಿ ನೋಡುತ್ತಾನೆ. ಇಲ್ಲಿಯೂ ಅದೇ ದಾರಿ.

ಈ ಗಾಡಿಯ ಹಿಂದಿನ ಹಬ್ಬಿನಲ್ಲಿ ಎರಡು ಬೇರಿಂಗುಗಳಿವೆ. ಹೊರಗಿನದು ಗುಂಡಿನದು, ಒಳಗಿನದು ಸೂಜಿಯದು, ಅಂದರೆ ಸಣ್ಣ ಉಕ್ಕಿನ ಕಡ್ಡಿಗಳ ಸಾಲು. ಸಾಮಾನ್ಯ ಬೇರಿಂಗಿಗೆ ಒಳಗೊಂದು ಬಳೆ, ಹೊರಗೊಂದು ಬಳೆ ಇರುತ್ತವೆ. ಈ ಸೂಜಿ ಬೇರಿಂಗಿಗೆ ಒಳಗಿನ ಬಳೆಯೇ ಇಲ್ಲ. ಕಡ್ಡಿಗಳು ನೇರವಾಗಿ ಹಾಫ್ ಶಾಫ್ಟಿನ ನುಣುಪಾದ ಮೈಯ ಮೇಲೆಯೇ ಉರುಳುತ್ತವೆ. ಅಂದ ಮೇಲೆ ಶಾಫ್ಟಿನ ಮೈಯೂ ಬೇರಿಂಗಿನ ಅರ್ಧ ಭಾಗವೇ ಆಯಿತಲ್ಲವೇ? ಒಂದು ಸಲ ಗ್ರೀಸು ಒಣಗಿ, ಸೀಲು ಹರಿದು, ನೀರು ಧೂಳು ಒಳಹೊಕ್ಕರೆ ಆ ಮೈಯ ಮೇಲೆ ಗೀರು, ಕುಳಿ ಬೀಳುತ್ತವೆ. ಆಮೇಲೆ ಎಷ್ಟು ಹೊಸ ಬೇರಿಂಗು ಹಾಕಿದರೂ ಅರ್ಧ ಹೊಸದು, ಅರ್ಧ ಹಳೆಯದು. ಅರದ ಮೇಲೆ ಸೂಜಿಗಳನ್ನು ಉರುಳಿಸಿದಂತಾಗುತ್ತದೆ.

ಶಾಫ್ಟನ್ನು ಒರೆಸಿ ಉಗುರನ್ನು ಉದ್ದಕ್ಕೆ ಎಳೆದು ನೋಡಿರಿ. ಉಗುರು ಎಲ್ಲಿಯಾದರೂ ತೊಡರಿದರೆ ಆ ಶಾಫ್ಟಿನ ಆಯುಷ್ಯ ಮುಗಿಯಿತು. ಮರಳು ಕಾಗದದಿಂದ ಉಜ್ಜಿ ಹೊಳಪು ತರುವವರಿದ್ದಾರೆ. ಹೊಳಪು ಬರುತ್ತದೆ, ಹೋದ ದಪ್ಪ ಬರುವುದಿಲ್ಲ.

ಕೂಗು ಎಲ್ಲಿಂದ ಬರುತ್ತದೆಂದು ಮೊದಲೇ ಹೇಗೆ ತಿಳಿಯಬೇಕು? ಸಮರಸ್ತೆಯಲ್ಲಿ ಒಂದೇ ವೇಗವನ್ನು ಇಟ್ಟುಕೊಂಡು ನಾಲ್ಕನೆಯ ಗೇರಿನಿಂದ ಮೂರನೆಯದಕ್ಕೆ ಬನ್ನಿರಿ. ಎಂಜಿನ್ನಿನ ಓಟ ಹೆಚ್ಚಿದರೂ ಸದ್ದಿನ ಸ್ವರ ಬದಲಾಗದಿದ್ದರೆ ದೋಷವು ಗೇರ್ ಪೆಟ್ಟಿಗೆಯ ಹಿಂದೆ ಇದೆ. ಮೊದಲಿನ ಸ್ಪಿಟ್‌ಫೈರುಗಳಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ಪ್ರೊಪೆಲ್ಲರ್ ಶಾಫ್ಟು ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಗಾಲಿಯದು ನಿಮಿಷಕ್ಕೆ ಸುಮಾರು ೫೫೦ ಸುತ್ತಾದರೆ ಪ್ರೊಪೆಲ್ಲರಿನದು ೨೨೦೦ಕ್ಕೂ ಮಿಕ್ಕಿ. ಆದ್ದರಿಂದ ಸಣ್ಣ ಸ್ವರದ ಅದುರು ನಡುವಿನ ಶಾಫ್ಟಿನದು. ನಿಧಾನವಾದ ಟಕಟಕ ಶಬ್ದ ಗಾಲಿಯ ಕಡೆಯದು. ಗಾಡಿ ಹೊರಡುವಾಗಲೂ ಆಕ್ಸಿಲರೇಟರು ಬಿಡುವಾಗಲೂ ಒಂದೇ ಒಂದು ಸಲ ಟಣ್ ಎಂದರೆ ಜಾಯಿಂಟಿನ ಕ್ರಾಸನ್ನು ನೋಡಿರಿ. ಕ್ರಾಸಿನ ಕಾಲುಗಳ ಮೇಲೆ ಕಡ್ಡಿಗಳ ಅಚ್ಚು ಒತ್ತಿದ್ದರೆ, ಕೆಂಪು ಪುಡಿ ಉದುರಿದರೆ, ಗ್ರೀಸು ಅಲ್ಲಿಗೆ ಮುಟ್ಟಿಯೇ ಇಲ್ಲ. ಬಟ್ಟಲನ್ನು ಸುತ್ತಿಗೆಯಿಂದ ಬಡಿದು ಕೂಡಿಸುವಾಗ ಒಂದು ಕಡ್ಡಿ ಅಡ್ಡ ಬಿದ್ದರೂ ಹೊಸ ಕ್ರಾಸು ಬಹುಕಾಲ ಬಾಳುವುದಿಲ್ಲ. ಹಿಂದಿನ ಪಾಟಾ ಕುಸಿದಿದ್ದರೆ ಜಾಯಿಂಟು ಸದಾ ಬಗ್ಗಿದ ಕೋನದಲ್ಲಿಯೇ ದುಡಿಯುತ್ತದೆ, ಅದನ್ನೂ ಅಳೆದು ನೋಡಬೇಕು. ಯಾವ ಮುರಿದ ತುಂಡನ್ನೂ ಬಿಸಾಡಬಾರದು. ರೋಗ ಹೇಳುವ ನಾಡಿ ಅದರಲ್ಲಿದೆ.

ಇಷ್ಟೊಂದು ಜಗ್ಗಾಟ ಒಂದು ಬೇರಿಂಗಿಗಾಗಿಯೇ ಎಂದು ಕಚೇರಿಯ ಮಿತ್ರರು ಕೇಳಬಹುದು. ಗಾಲಿಯ ಮೇಲಿನ ಭಾರದಿಂದ ಶಾಫ್ಟಿನ ಹೊರತುದಿ ತುಸು ಬಾಗುತ್ತದೆ. ತಿರುಗುವಾಗ ಅದೇ ಮೈ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ನಾನು ಹೇಳಿದ ವೇಗದಲ್ಲಿ ಇದು ಗಂಟೆಗೆ ೩೩ ಸಾವಿರ ಸಲ. ಗೀರಿನ ಬುಡದಲ್ಲಿಯೋ, ಕೀ ಕೂಡುವ ಕಚ್ಚಿನ ಮೂಲೆಯಲ್ಲಿಯೋ ಕೂದಲೆಳೆಯ ಬಿರುಕು ಹುಟ್ಟಿ ದಿನದಿನಕ್ಕೆ ಬೆಳೆಯುತ್ತದೆ. ಮುರಿದ ಮುಖವನ್ನು ನೋಡಿದರೆ ಒಂದು ಕಡೆ ಕೆರೆಯ ದಂಡೆಯ ಗೆರೆಗಳಂತೆ ನುಣುಪಾದ ಬಳೆಗಳು, ಕೊನೆಗೆ ಒಂದಿಷ್ಟು ಒರಟು ಜಾಗ. ಆ ಒರಟು ಜಾಗ ಮಾತ್ರ ಕೊನೆಯ ದಿನದ್ದು. ಅಂಬಾಸಿಡರಿಗೂ ಇದಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಶಾಫ್ಟು ಹಬ್ಬಿನ ಬಳಿ ತುಂಡಾದರೆ ಗಾಲಿಯನ್ನು ಹಿಡಿಯುವವರು ಬೇರಾರೂ ಇಲ್ಲ. ಗಾಲಿ ತಾನೇ ಹೊರಟು ಹೋಗುತ್ತದೆ. ಸಾತಾರೆಯ ದಾರಿಯಲ್ಲಿ ಖಂಬಾಟಕಿ ಘಾಟಿನ ತಿರುವಿನಲ್ಲಿ ಹಾಗಾದರೆ ಏನು ಗತಿಯೆಂದು ನೀವೇ ಊಹಿಸಿರಿ. ಕೂಗುವ ಬೇರಿಂಗು ಆ ಸುದ್ದಿಯನ್ನೇ ತಿಂಗಳುಗಟ್ಟಲೆ ಮುಂಚೆ ಹೇಳುತ್ತಿರುತ್ತದೆ.

ಬೇರಿಂಗಿನ ಬೆಲೆಗೂ ಶಾಫ್ಟಿನ ಬೆಲೆಗೂ ಬಹಳ ಅಂತರವಿದೆಯಾದ್ದರಿಂದ ಧಣಿಗಳಿಗೆ ಹೇಳಲು ಫಿಟರಿಗೆ ಸಂಕೋಚ; ದುಡ್ಡು ಕೀಳುತ್ತಾನೆಂದಾರು ಎಂಬ ಭಯ. ಪರಊರಿನಲ್ಲಿ ದುಡಿಯುವವನಿಗೆ ಆ ಭಯ ಇನ್ನೂ ಹೆಚ್ಚು. ಮಾತು ಬೇಡ, ಶಾಫ್ಟನ್ನು ಅವರ ಕೈಗೆ ಕೊಟ್ಟು ಅವರ ಉಗುರನ್ನೇ ಎಳೆಯಲು ಹೇಳಿರಿ. ಕುಳಿಗೆ ಮರಾಠಿಯೂ ಬೇಡ, ಕನ್ನಡವೂ ಬೇಡ. ಹೊಸ ಶಾಫ್ಟು, ಹೊಸ ಸೀಲು, ಎರಡೂ ಹೊಸ ಬೇರಿಂಗುಗಳನ್ನು ಒಟ್ಟಿಗೆ ಹಾಕಿ, ಹಬ್ಬನ್ನು ಸರಿಯಾದ ಪುಲ್ಲರಿನಿಂದಲೇ ಬಿಚ್ಚಿ, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ನಟ್ಟಿನ ಬಿಗುವನ್ನು ಮತ್ತೊಮ್ಮೆ ನೋಡಬೇಕು. ತೆಗೆದ ಹಳೆಯ ಶಾಫ್ಟನ್ನು ಗುಜರಿಗೆ ಹಾಕುವ ಮೊದಲು ಗರಗಸದಿಂದ ಅದರ ಮೈ ಕೊಯ್ದುಬಿಡಿರಿ. ಇಲ್ಲವಾದರೆ ಯಾರೋ ಉಜ್ಜಿ, ಎಣ್ಣೆ ಸವರಿ, ಕಾಗದ ಸುತ್ತಿ ಇನ್ನೊಬ್ಬರಿಗೆ ಮಾರುತ್ತಾರೆ.